ನೆಲಕ್ಕಿಡದ ಗಂಟು

ಶಿವರಾತ್ರಿ ಮುಗಿದು ಬಿಸಿಲು ಬಲಿಯತೊಡಗಿದ್ದ ಕಾಲ. ಹೊತ್ತು ನೆತ್ತಿಯಿಂದ ಇಳಿದು ಅಂಗಡಿಯ ಹೊಸ್ತಿಲಿಗೆ ಆಗತಾನೆ ನೆರಳು ಬಂದಿತ್ತು. ನಾನು ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಮದುವೆಯ ಕುಬಸಕ್ಕೆ ತೋಳು ಕೂಡಿಸುತ್ತಿದ್ದೆ. ಆಗ ಬಸ್ಸಿನ ಡ್ರೈವರನೊಬ್ಬ ನಮ್ಮ ಮುಕ್ತಾಳ ರಟ್ಟೆ ಹಿಡಿದು ನಡೆಸಿಕೊಂಡು ಬಂದ.

ಮುಕ್ತಾ ನನ್ನ ಅಣ್ಣನ ಮಗಳು. ಅಣ್ಣ ತೀರಿಕೊಂಡು ಬಹಳ ವರ್ಷವಾಯಿತು. ಮುಕ್ತಾ ಬಸ್ಸಿನ ಕಂಡಕ್ಟರ್. ಅವಳ ಬಾಯಿ ಭೀಮಾ ದಂಡೆಗೆಲ್ಲ ಗೊತ್ತು. ಬಾಗಿಲಲ್ಲಿ ನಿಂತು ಊರ ಹೆಸರು ಕೂಗಿದರೆ ನಿಲ್ದಾಣದ ಆ ತುದಿಯ ಚಹಾದಂಗಡಿಯಲ್ಲಿ ಕೂತವರು ಕಪ್ಪು ಕೆಳಗಿಟ್ಟು ಓಡಿ ಬರುತ್ತಿದ್ದರು.

‘ಕಾಕಾ, ಇವರಿಗಿ ಏನೋ ಆಗ್ಯಾದ ನೋಡ್ರಿ,’ ಅಂದ ಡ್ರೈವರ್. ‘ಇಂಡಿ, ಝಳಕಿ ಅಂತ ಕೂಗಲಿಕ್ಕತ್ತಿದ್ರು. ಝಳಕಿ ಮುಂದ ಮಾತ ಬರವಲ್ದು. ಬಾಯಿ ತೆರೀತಾರ, ದನಿ ಬರ್ತದ, ಹೆಸರ ಬರವಲ್ದು. ಮಂದಿ ನಗಲಿಕ್ಕತ್ತಿದ್ರು.’

ಮುಕ್ತಾ ಅಂಗಡಿಯ ಬೆಂಚಿನ ಮೇಲೆ ಕೂತು ನೀರು ಕುಡಿದಳು. ಸ್ವಲ್ಪ ಹೊತ್ತಿಗೆ ಮಾತು ಬಂತು. ‘ಬಿಸಲು ಹತ್ಯಾದ ಕಾಕಾ, ಮತ್ತೇನಿಲ್ಲ,’ ಅಂದಳು. ಆದರೆ ಟಿಕೆಟ್ ಯಂತ್ರವನ್ನು ಕೈಯಲ್ಲಿ ಹಿಡಿದುಕೊಂಡು ಅದಕ್ಕೆ ಏನನ್ನುತ್ತಾರೆ ಎಂದು ಹುಡುಕುತ್ತಿದ್ದಳು. ಅದನ್ನು ನಾನು ನೋಡಿದೆ.

ಜಿಲ್ಲಾ ಊರಿನ ಮಿದುಳಿನ ಆಸ್ಪತ್ರೆಗೆ ಹೋದೆವು. ಮಾತು ಹುಟ್ಟುವ ಜಾಗದಲ್ಲೇ ಗಡ್ಡೆ ಬೆಳೆದಿದೆ, ತೆಗೆಯದಿದ್ದರೆ ಜೀವ ಹೋಗುತ್ತದೆ, ತೆಗೆದರೆ ಮಾತು ಹೋಗುತ್ತದೆ, ಎಂದರು ಡಾಕ್ಟರ್ ಬಾಯಿಯವರು. ಓದು ಬರಹವೂ ಹೋಗುತ್ತದೆ. ಕೇಳಿದ್ದು ತಿಳಿಯುತ್ತದೆ, ಹೇಳಲು ಮಾತ್ರ ಆಗುವುದಿಲ್ಲ. ಹಿಂದಿನ ಕಾಲವಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆಗ ಹೊಸ ಚಿಕಿತ್ಸೆಯೊಂದು ಬಂದಿತ್ತು. ಮಾತು ಚೆನ್ನಾಗಿರುವಾಗಲೇ ತಲೆಗೆ ತಂತಿಯ ಜಾಳಿಗೆ ಹಾಕಿ, ಮಾತನಾಡುವಾಗ ಮಿದುಳು ಹೇಗೆ ಮಿಡಿಯುತ್ತದೋ ಅದನ್ನೆಲ್ಲ ಹಿಡಿದಿಡುತ್ತಿದ್ದರು. ಗಡ್ಡೆ ತೆಗೆದು, ಗಾಯ ಮಾಗಿದ ಮೇಲೆ, ತಲೆಯೊಳಗೆ ಕೂರಿಸಿದ ಸಣ್ಣ ಬಿಲ್ಲೆಯ ಮೂಲಕ ಅದನ್ನೇ ಸ್ವಲ್ಪಸ್ವಲ್ಪವಾಗಿ ಮತ್ತೆ ಹೊಯ್ಯುತ್ತಿದ್ದರು. ಪಕ್ಕದ ಮಿದುಳು ಅದನ್ನು ಕೇಳಿ ಕೇಳಿ ಕಲಿತುಬಿಡುತ್ತದೆ.

ಇದೆಲ್ಲ ನಡೆಯುತ್ತಿದ್ದದ್ದು ಒಂದು ಆಟದೊಳಗೆ. ಮೊದಲು ಅದು ಮಕ್ಕಳು ಊರು ಕಟ್ಟುವ ಆಟವಾಗಿತ್ತಂತೆ. ಕಣ್ಣಿಗೆ ಪಟ್ಟಿ, ಕೈಗೆ ಗವಸು ಹಾಕಿಕೊಂಡರೆ ಎದುರಿಗೆ ಒಂದು ಊರು ಕಾಣುತ್ತದೆ. ಬಾವಿ ಇದೆ, ಕಲ್ಲಿನ ಕಟ್ಟೆ ಇದೆ, ಸಂತೆ ಇದೆ. ರೋಗಿಗಳು ಹಾಸಿಗೆಯ ಮೇಲೆ ಕೂತು ಮಾತು ಕಲಿಯುವುದಕ್ಕಿಂತ ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುತ್ತ ಬೇಗ ಕಲಿಯುತ್ತಾರೆಂದು ಡಾಕ್ಟರರು ಆ ಆಟವನ್ನೇ ಹಿಡಿದುಕೊಂಡಿದ್ದರು.

ಆ ಊರನ್ನು ನೋಡಿಕೊಳ್ಳುವವನು ಅಸ್ಲಂ. ನಮ್ಮ ಕಡೆಯ ಹುಡುಗನೇ. ಯಂತ್ರದ ಕೋಣೆಯಲ್ಲಿ ಕೂರಿಸಿಕೊಂಡು ನನಗೂ ಮುಕ್ತಾಳ ಅವ್ವ, ನನ್ನ ಅತ್ತಿಗೆ ಗೋಣಾಬಾಯಿಗೂ ಸಮಾಧಾನದಿಂದ ತಿಳಿಸಿದ.

‘ಆಟಕ್ಕ ಅದರದೇ ಒಂದು ಭಾಷಾ ಇರ್ತದ ಕಾಕಾ. ಅದರಾಗ ಪ್ರತಿಯೊಂದು ಸಾಮಾನಿಗೂ ಒಂದೊಂದು ಜಾತಿ. ಲೆಕ್ಕದ್ದು ಒಂದು ಜಾತಿ, ಅಕ್ಷರದ್ದು ಒಂದು ಜಾತಿ.’

‘ಅದರಾಗೂ ಜಾತಿ ತಂದ್ರೇನಪಾ?’ ಅಂದೆ.

ಅಸ್ಲಂ ನಕ್ಕ. ‘ಅದರಾಗ ಜಗಳಿಲ್ಲ ಬಿಡ್ರಿ. ಇನ್ನೊಂದು ಜಾತಿ ಅದ, ಅದಕ್ಕ ರಿಸೋರ್ಸ್ ಅಂತೀವಿ. ಫೈಲಿನ ಜಾತಿ. ಒಂದು ಹಾಡು, ಒಂದು ಚಿತ್ರ, ಇಲ್ಲಾ ಮುಕ್ತಕ್ಕನ ಮಾತು, ಎಲ್ಲಾ ಅದರಾಗ ಬರ್ತದ. ಆಟದ ಭಾಷಾಕ್ಕ ಅದರ ಒಳಗ ಏನದ ಅಂತ ಬಿಚ್ಚಿ ನೋಡಲಿಕ್ಕ ಬರೂದಿಲ್ಲ. ಹಿಡಕೋಬಹುದು, ಮತ್ತೊಬ್ಬರ ಕೈಗೆ ಕೊಡಬಹುದು, ಬಾರಸು ಅಂತ ಹೇಳಬಹುದು, ಇಷ್ಟ. ನಿಮ್ಮ ಅಂಗಡ್ಯಾಗ ಗಿರಾಕಿ ಅರಿವಿಗೆ ಚೀಟಿ ಹಚ್ಚಿ ಕಪಾಟದಾಗ ಇಡ್ತೀರಲ್ಲ, ಹಂಗ. ಆಟದಾಗ ಓಡಾಡೂದು ಬರೇ ಚೀಟಿ. ಅರಿವಿ ಕಪಾಟದಾಗ.’

‘ಚೀಟಿ ಕಳದ್ರ?’ ಅಂದಳು ಗೋಣಾಬಾಯಿ.

‘ಅದ ನೋಡ್ರಿ ಅಮ್ಮಾ ಫರಕು. ನಿಮ್ಮ ಅಂಗಡ್ಯಾಗ ಚೀಟಿ ಕಳದ್ರ ಗಿರಾಕಿ ಬಂದು ಇದು ನಂದ ಅಂತ ಗುರುತು ಹಿಡೀತಾನ. ಇಲ್ಲಿ ಯಂತ್ರ ದಿನಾ ದೀಪಾ ಹಚ್ಚೂ ಹೊತ್ತಿಗೆ ಕಸಾ ಹೊಡೀತದ. ಯಾರ ಕೈಯಾಗೂ ಚೀಟಿ ಇಲ್ಲದ ಅರಿವಿ ಬ್ಯಾಡಾದ್ದು ಅಂತ ತಿಳಕೊಂಡು ಅಳಿಸಿಬಿಡ್ತದ.’

ಎರಡನೆಯ ಪ್ರತಿ ಯಾಕೆ ಇಟ್ಟುಕೊಳ್ಳಬಾರದು ಎಂದು ಮುಕ್ತಾಳ ಗಂಡ ಗಣಪತಿ ಕೇಳಿದ. ಅವನು ಡಿಪೋದಲ್ಲಿ ಮೆಕ್ಯಾನಿಕ್. ಯಾವ ಭಾಗಕ್ಕೂ ಇನ್ನೊಂದು ಇರಬೇಕು ಎಂದು ತಿಳಿದವನು. ಕಾಯಿದೆ ಬಿಡುವುದಿಲ್ಲ ಎಂದ ಅಸ್ಲಂ. ಮುಂಚೆ ಹೀಗೆ ತೆಗೆದ ಮಾತನ್ನು ಕದ್ದು ನಕಲು ಮಾಡಿ, ಸತ್ತವರ ದನಿಯಲ್ಲಿ ಮನೆಯವರಿಗೆ ಫೋನು ಮಾಡಿ ಮೋಸ ಮಾಡಿದ್ದರಂತೆ. ಆಮೇಲೆ, ಮನುಷ್ಯನ ತಲೆಯಿಂದ ತೆಗೆದದ್ದು ಲೋಕದಲ್ಲಿ ಒಂದೇ ಇರಬೇಕು, ರೋಗಿ ಹೆಸರು ಹೇಳಿದವರು ಬಿಟ್ಟು ಮತ್ತೊಬ್ಬರು ಮುಟ್ಟಬಾರದು ಎಂದು ಕಟ್ಟುನಿಟ್ಟಾಯಿತು. ಅಸ್ಲಂ ಕೂಡ ಮುಟ್ಟುವಂತಿಲ್ಲ. ಆ ಚೀಟಿ ಆಟದೊಳಗೆ ಒಂದು ಸಣ್ಣ ಗಂಟಾಗಿ ಕಾಣುತ್ತದೆ; ಆ ಗಂಟು ಇದೆಯೋ ಇಲ್ಲವೋ ಎಂದು ಹೇಳುವ ಒಂದು ಹಸಿರು ದೀಪ ಮಾತ್ರ ಅವನಿಗೆ ಕಾಣುತ್ತಿತ್ತು.

ಮುಕ್ತಾ ಮೂವರ ಹೆಸರು ಹೇಳಿದಳು. ಅವ್ವ, ಕಾಕಾ, ಗಂಡ. ‘ನಮ್ಮ ಮನಿಯವರ ಹೆಸರು ಕಡೀಕ ಹಾಕ್ರಿ ಡಾಕ್ಟರ್ ಬಾಯಾರ, ಅವರಿಗಿ ಮನಿ ಕೀಲಿ ಎಲ್ಲಿಟ್ಟೀನಿ ಅನ್ನೂದ ನೆಪ್ಪಿರೂದಿಲ್ಲ,’ ಅಂದಳು. ಆಪರೇಷನ್ನಿಗೆ ಮುಂಚಿನ ದಿನ ಪೂರ್ತಿ ಜಾಳಿಗೆ ತೊಟ್ಟು ಮಾತನಾಡಿದಳು. ಬಸ್ಸು ಕೂಗಿದಳು, ಚಿಲ್ಲರೆಗೆ ಜಗಳಾಡಿದಳು, ಅವ್ವನನ್ನು ಬೈದಳು, ಅಭಂಗ ಹಾಡಿದಳು. ಸಂಜೆ ದನಿ ಬಿದ್ದುಹೋಗಿತ್ತು. ನನ್ನ ಕಡೆ ತಿರುಗಿ, ‘ಕಾಕಾ, ನನ್ನ ಬಾಯಿ ಪೆಟ್ಟಿಗ್ಯಾಗ ಹೋಯ್ತು. ಇನ್ನರೆ ಮನ್ಯಾಗ ಶಾಂತಿ ಇರ್ತದ ನೋಡ್ರಿ,’ ಅಂದಳು.

ಆಪರೇಷನ್ ಸರಿಯಾಗಿ ಆಯಿತು. ಜೀವ ಉಳಿಯಿತು. ಎಚ್ಚರವಾದ ಮೇಲೆ ಅವ್ವನನ್ನು ನೋಡಿ ಬಾಯಿ ತೆರೆದಳು. ಉಸಿರು ಬಂತು, ಅಷ್ಟೇ. ಗೋಣಾಬಾಯಿ ಮಗಳ ಕೈ ಹಿಡಿದು, ‘ಇರಲಿ ಬಿಡು, ಗಾಯ ಮಾಗಲಿ. ಅಕ್ಷಯ ತದಿಗಿ ಆದಮ್ಯಾಲ ನೀನ ನನಗ ಬೈತಿ,’ ಅಂದಳು. ಡಾಕ್ಟರ್ ಬಾಯಿಯವರು ಹೇಳಿದ ಗಡುವು ಅದೇ. ಅಲ್ಲಿಯ ತನಕ ಗಂಟು ಆಟದ ಊರಿನಲ್ಲಿ ಒಂದು ಕಾವಲುಗೊಂಬೆಯ ಕೈಯಲ್ಲಿರಬೇಕು. ಆ ಗೊಂಬೆಗಳನ್ನು ಆಟ ಮಾಡಿದ ದೂರದ ಕಂಪನಿಯೇ ಬಾಡಿಗೆಗೆ ಕೊಟ್ಟಿತ್ತು.

ಯುಗಾದಿ ಕಳೆದ ವಾರದಲ್ಲೇ ಆ ಕಂಪನಿ ಮುಳುಗಿತು. ತಿಂಗಳ ಕೊನೆಗೆ ಗೊಂಬೆಗಳೆಲ್ಲ ಮಾಯವಾಗುತ್ತವೆ ಎಂದು ಸುದ್ದಿ ಬಂತು. ಅಸ್ಲಂ ನಮ್ಮ ಮನೆಗೇ ಬಂದ. ಎರಡು ಜೊತೆ ಕಣ್ಪಟ್ಟಿ, ಗವಸು ತಂದಿದ್ದ.

‘ನೀವು ಹೋಗಿ ಗೊಂಬಿ ಕೈಯಿಂದ ಗಂಟು ತಗೋರಿ. ಬಾವಿ ಬಾಜೂಕ ಕಟ್ಟಿ ಅದಲ್ಲ, ಅದರಮ್ಯಾಲ ಇಟ್ಟು ಬರ್ರಿ. ಕಟ್ಟಿ ನಮ್ಮ ಆಸ್ಪತ್ರಿ ಯಂತ್ರದ್ದು. ಅದು ಹಿಡಕೊಂಡಿರ್ತದ. ಕೈಯಾಗ ಇಟ್ಕೊಂಡು ಮಾತ್ರ ಆಟದಿಂದ ಹೊರಗ ಬರಬ್ಯಾಡ್ರಿ. ಹುಡುಗೂರ ಆಟ ಅದು, ಒಬ್ಬ ಹೊರಗ ಹೋದ್ರ ಅವನ ಕೈಯಾಗಿಂದು ಅವನ ಜೋಡೀನ ಹೋಗ್ತದ.’ ಇಷ್ಟು ಹೇಳಿ, ಚಹಾ ಕೂಡ ಪೂರ್ತಿ ಕುಡಿಯದೆ ಮುಂದಿನ ರೋಗಿಯ ಮನೆಗೆ ಹೊರಟ. ಎಲ್ಲರ ಮನೆಗೂ ಅವನೊಬ್ಬನೇ ಓಡಾಡಬೇಕಿತ್ತು.

ನಾನೂ ಗೋಣಾಬಾಯಿಯೂ ಆಟದೊಳಕ್ಕೆ ಹೋದೆವು. ಗೊಂಬೆ ಬಾವಿಯ ಹತ್ತಿರ ನಿಂತಿತ್ತು. ಅದರ ಅಂಗೈಯಲ್ಲಿ ಕೆಂಪು ಅರಿವೆಯ ಸಣ್ಣ ಗಂಟು. ಗೋಣಾಬಾಯಿ ಎರಡೂ ಕೈ ಒಡ್ಡಿ ಇಸಿದುಕೊಂಡಳು. ತೂಕವಿಲ್ಲದ ವಸ್ತು. ಆದರೂ ಅವಳ ಮೊಣಕೈ ಕೆಳಗಿಳಿಯಿತು, ಕೂಸನ್ನು ಇಸಿದುಕೊಂಡಾಗ ಇಳಿಯುವಂತೆ.

‘ಕಟ್ಟಿಮ್ಯಾಲ ಇಡ್ರಿ ವೈನಿ,’ ಅಂದೆ ಅತ್ತಿಗೆಗೆ.

ಗೋಣಾಬಾಯಿ ಕಟ್ಟೆಯನ್ನು ನೋಡಿದಳು. ಯಾರೋ ಕಾಲು ತೂಗುಬಿಟ್ಟು ಕೂರುವ, ಚಪ್ಪಲಿಯಿಂದ ತುಳಿಯುವ ಕಲ್ಲು. ‘ಇದು ನನ್ನ ಮಗಳ ಕಂಠ ಪುಂಡಲೀಕ,’ ಅಂದಳು. ‘ನೆಲಕ್ಕಿಡಂಗಿಲ್ಲ.’

ನಾವು ನಾಮದೇವ ಸಿಂಪಿಗರು. ಬಟ್ಟೆ ಹೊಲಿಯುವವರು, ವಿಠ್ಠಲನ ಒಕ್ಕಲು. ವರ್ಷಕ್ಕೊಮ್ಮೆ ನಮ್ಮ ಮಂದಿರದಲ್ಲಿ ಸಪ್ತಾಹ ನಡೆಯುತ್ತದೆ. ಏಳು ದಿನ ಹಗಲೂ ರಾತ್ರಿ ವೀಣೆಯನ್ನು ಕೊರಳಿಗೆ ಹಾಕಿಕೊಂಡು ಒಬ್ಬರು ನಿಂತೇ ಇರಬೇಕು. ದಣಿದರೆ ಮತ್ತೊಬ್ಬರ ಕೊರಳಿಗೆ ಹಾಕಬೇಕು. ಕೊರಳಿಂದ ಕೊರಳಿಗೆ ಹೋಗಬೇಕೇ ಹೊರತು ನೆಲಕ್ಕೆ ಇಳಿಯಬಾರದು. ಅದಕ್ಕೆ ಪಹರೆ ಅನ್ನುತ್ತೇವೆ. ಗೋಣಾಬಾಯಿ ಹದಿಹರೆಯದಿಂದ ಆ ಪಹರೆ ನಿಂತವಳು. ಒಂದು ಸಲ ಜ್ವರ ಬಂದಾಗಲೂ ಕಂಬಕ್ಕೊರಗಿ ನಿಂತಿದ್ದಳು, ವೀಣೆ ಇಳಿಸಿರಲಿಲ್ಲ.

ಅವಳು ಕಟ್ಟೆಯ ಮೇಲಿಡಲಿಲ್ಲ. ನನ್ನ ಕೈಗೆ ಕೊಟ್ಟಳು. ಹೊರಗೆ ಬಂದು ಅಳಿಯನಿಗೆ ಹೇಳಿದಳು, ‘ನಾವು ಮೂರೂ ಮಂದಿ ಪಹರೆ ನಿಲ್ಲೂಣು.’

ಗಣಪತಿ ತಲೆ ಕೆರೆದುಕೊಂಡ. ‘ಅತ್ತಿಯವ್ರ, ಅಸ್ಲಂ ಸರ್ ಇಟ್ಟು ಬರ್ರಿ ಅಂತ ಅಂದಾರ. ಯಂತ್ರದ ವಿಷಯ ಅವರಿಗಿ ತಿಳೀತದ.’

‘ಅಳಿಯಂದ್ರ, ನಿಮ್ಮ ಲಗ್ನದಾಗ ತಾಳಿ ಒರಳ ಕಲ್ಲಿನಮ್ಯಾಲ ಇಟ್ಟಿದ್ರೇನು? ಅಂಗೈಯಾಗ ಹಿಡಕೊಂಡು ನಡುಗಲಿಕ್ಕತ್ತಿದ್ರಿ.’

‘ಹಂಗಲ್ರೀ...’

‘ಕೈಯಾಗ ಇಟ್ಕೊಂಡು ಹೊರಗ ಬರಬ್ಯಾಡ್ರಿ ಅಂದಾನ ಆ ಹುಡುಗ. ಬರೂದಿಲ್ಲ. ಕೈಯಿಂದ ಕೈಗೆ ಕೊಟ್ಟು ಬರೂಣು. ಕಲ್ಲಿಗಿಂತ ಮನಿಷ್ಯಾರ ಕೈ ಕಡಿಮಿ ಆತೇನು?’

ನಮ್ಮಲ್ಲಿ ಬೆಳೆದವರಿಗೆ ಅದು ಸರಿಯಾಗಿಯೇ ಕೇಳಿಸುತ್ತಿತ್ತು.

ಪಹರೆ ಶುರುವಾಯಿತು. ಒಬ್ಬರು ಕಣ್ಪಟ್ಟಿ ಕಟ್ಟಿಕೊಂಡು ಗೋಡೆಗೊರಗಿ ಕೂರುವುದು. ಹೊತ್ತು ಮುಗಿಯುವಾಗ ಮತ್ತೊಬ್ಬರು ಎರಡನೆಯ ಪಟ್ಟಿ ಕಟ್ಟಿಕೊಂಡು ಒಳಗೆ ಹೋಗಿ, ಕೈ ಒಡ್ಡಿ ಇಸಿದುಕೊಳ್ಳುವುದು. ಇಸಿದುಕೊಂಡವರಿಗೆ ಕೊಟ್ಟವರು ತಲೆಬಾಗುವುದು. ಗವಸು ತೊಟ್ಟ ಕೈಯಲ್ಲಿ ಸೂಜಿ ಹಿಡಿಯಲು ಬರುವುದಿಲ್ಲ. ಅಂಗಡಿಗೆ ಬಾಗಿಲು ಬಿತ್ತು. ಮದುವೆಯ ದಿನಗಳು. ಗಿರಾಕಿಯ ಹೆಂಗಸರು ಮನೆಗೇ ಬಂದು, ‘ಸಿಂಪಿಗೇರ ಕಾಕಾ, ಕುಬಸಿಲ್ಲದ ಲಗ್ನದ ಅಕ್ಕಿಕಾಳಿಗಿ ನಿಲ್ಲೂದೇನ್ರಿ ನಾವು?’ ಎಂದು ಕೂಗಾಡಿ ಹೋಗುತ್ತಿದ್ದರು.

ಮುಕ್ತಾ ತಲೆಗೆ ಬಿಳಿ ಪಟ್ಟಿ ಸುತ್ತಿಕೊಂಡು ಮನೆಯಲ್ಲೇ ಇದ್ದಳು. ಅವ್ವ ಕಣ್ಣು ಕಟ್ಟಿಕೊಂಡು, ಏನೂ ಇಲ್ಲದ ಅಂಗೈಗಳನ್ನು ಎದೆಯ ಮುಂದೆ ಹಿಡಿದು ಕೂತಿರುವುದನ್ನು ಮೊದಲ ದಿನ ನೋಡಿದಾಗ ನಕ್ಕಳು. ಸದ್ದಿಲ್ಲದ ನಗು, ಭುಜ ಮಾತ್ರ ಕುಣಿಯುತ್ತಿತ್ತು. ಆಮೇಲೆ ತಾನೇ ತಟ್ಟೆ ತಂದು ಅವ್ವನ ಬಾಯಿಗೆ ರೊಟ್ಟಿ ಮುರಿದು ಹಾಕತೊಡಗಿದಳು. ಗೋಣಾಬಾಯಿ ಅಗಿಯುತ್ತಲೇ, ‘ಖಾರ ಹೆಚ್ಚಾಗ್ಯಾದ,’ ಅನ್ನುತ್ತಿದ್ದಳು. ಮುಕ್ತಾ ಅವ್ವನ ಕೆನ್ನೆ ಹಿಂಡುತ್ತಿದ್ದಳು. ಆ ಮನೆಯಲ್ಲಿ ಆ ದಿನಗಳಲ್ಲಿ ಸಂತೋಷವಿತ್ತು ಎಂದರೆ ಯಾರೂ ನಂಬುವುದಿಲ್ಲ. ಇತ್ತು.

ಅಸ್ಲಂ ಆಗಾಗ ಫೋನು ಮಾಡುತ್ತಿದ್ದ. ‘ದೀಪ ಹಸರ ಅದ ಕಾಕಾ. ಎಲ್ಲಾ ಬರೋಬರಿ ಅದ,’ ಅನ್ನುತ್ತಿದ್ದ. ಕಟ್ಟೆಯ ಮೇಲೆ ಇಟ್ಟು ಬಂದಿದ್ದೇವೆ ಎಂದೇ ಅವನು ತಿಳಿದಿದ್ದ. ನಾವೂ ತಿಳಿಸಿ ಹೇಳಲಿಲ್ಲ. ಹೇಳಬೇಕಾದ ವಿಷಯ ಎಂದು ನಮ್ಮಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಅಕ್ಷಯ ತದಿಗೆಗೆ ಇನ್ನೇನು ಕೆಲವೇ ದಿನ ಇದ್ದವು. ಅವತ್ತು ಬೆಳಗಿನಿಂದ ಗಾಳಿಯಿಲ್ಲದ ಕುದಿ. ಮಧ್ಯಾಹ್ನ ಊಟದ ಹೊತ್ತಿಗೆ ಪಡುವಣ ಕರ್ರಗಾಯಿತು. ಧೂಳಿನ ಗಾಳಿ ಬಂತು, ಹಿಂದೆಯೇ ಆಲಿಕಲ್ಲು. ಬೀದಿಯ ಬೇವಿನ ಮರ ಕರೆಂಟಿನ ಕಂಬವನ್ನು ಎಳೆದುಕೊಂಡು ಬಿತ್ತು. ಮನೆ ಕತ್ತಲಾಯಿತು. ನಮ್ಮ ಪಟ್ಟಿಗಳಲ್ಲಿ ಬ್ಯಾಟರಿ ಇತ್ತು, ಅದಕ್ಕೆ ಭಯಪಡಲಿಲ್ಲ. ಆದರೆ ಗಣಪತಿ ಬಾಗಿಲಿಗೆ ಓಡಿ ಗುಡ್ಡದ ಕಡೆ ನೋಡಿ ಕಿರುಚಿದ, ‘ಟಾವರ್ ಬಿತ್ತು!’

ಪಟ್ಟಿಗಳಿಗೆ ಆಟ ಬರುತ್ತಿದ್ದದ್ದು ಆ ಟಾವರಿನಿಂದ; ಅದು ಬಿದ್ದರೆ ಆಟದಿಂದ ಹೊರಬಿದ್ದಂತೆಯೇ. ಗಂಟು ಆಗ ಗೋಣಾಬಾಯಿಯ ಕೈಯಲ್ಲಿತ್ತು.

ನಾನು ಅವಳ ಪಟ್ಟಿ ಬಿಚ್ಚಲು ಹೋದೆ. ಬಿಡಲಿಲ್ಲ. ಅಂಗೈಗಳು ಹಾಗೇ ಎದೆಯ ಮುಂದೆ ಇದ್ದವು, ಬೆರಳು ಮಡಚಿ, ಗಟ್ಟಿಯಾಗಿ.

‘ವೈನಿ, ಏನ್ ಕಾಣ್ತದ?’

‘ಕತ್ತಲಿ,’ ಅಂದಳು. ‘ಕತ್ತಲಿ ಆಗ್ಯಾದ ಪುಂಡಲೀಕ. ಆದ್ರ ನಾ ಬಿಟ್ಟಿಲ್ಲ. ಕೈಯಾಗ ಅದ. ನಾ ಬಿಟ್ಟಿಲ್ಲ.’

ಮುಕ್ತಾ ಅವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತು ಆ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಬಸ್ಸುಗಳೆಲ್ಲ ನಿಂತಿದ್ದವು. ಕಲ್ಲಂಗಡಿ ಒಯ್ಯುವ ಟೆಂಪೋ ಒಂದು ಸಿಕ್ಕಿತು. ಹಣ್ಣಿನ ನಡುವೆ ನಾಲ್ಕೂ ಜನ ಕೂತೆವು. ದಾರಿಯುದ್ದಕ್ಕೂ ಬಿದ್ದ ಮರಗಳು. ಗಣಪತಿ ಇಳಿದು ಇಳಿದು ಟೊಂಗೆ ಎಳೆಯುತ್ತಿದ್ದ. ಗೋಣಾಬಾಯಿ ಒಂದೇ ಸಮನೆ, ‘ವಿಠ್ಠಲಾ, ವಿಠ್ಠಲಾ,’ ಅನ್ನುತ್ತಿದ್ದಳು, ಹೆಸರು ಸವೆದು ಬರೀ ಉಸಿರಾಗುವ ತನಕ.

ಯಂತ್ರದ ಕೋಣೆಯಲ್ಲಿ ಅಸ್ಲಂ ಎದ್ದು ನಿಂತಿದ್ದ. ‘ಕಾಕಾ, ದೀಪ ಆರ್ಯಾದ. ಕಟ್ಟಿಮ್ಯಾಲ ಇದ್ದದ್ದು ಹೆಂಗ ಹೋಗ್ತದ? ನಮ್ಮ ಯಂತ್ರ ಇಲ್ಲಿ ಬರೋಬರಿ ನಡದದ...’

ನಾನು ಹೇಳಿದೆ. ಕಟ್ಟೆಯ ಮೇಲೆ ಇಟ್ಟಿರಲಿಲ್ಲ, ಕೈಯಲ್ಲಿ ಹಿಡಿದಿದ್ದೆವು ಎಂದು.

‘ಇಷ್ಟು ದಿನಾ? ಹಗಲೂ ರಾತ್ರಿ?’

‘ಹೂಂ.’

ಅವನು ಬಯ್ಯಲಿಲ್ಲ. ಕುರ್ಚಿಯಲ್ಲಿ ಕೂತು ಎರಡೂ ಕೈಯಿಂದ ಮುಖ ಒರೆಸಿಕೊಂಡ. ‘ಯಾಕ್ರಿ ಅಮ್ಮಾ?’ ಅಂದ, ಸಣ್ಣಗೆ. ಗೋಣಾಬಾಯಿ, ‘ನೆಲಕ್ಕಿಡಬಾರದು ಅಂತ,’ ಅಂದಳು.

ಡಾಕ್ಟರ್ ಬಾಯಿಯವರು ಬಂದರು. ಅಸ್ಲಂ ಅವರ ಮುಂದೆ, ನಮಗೂ ತಿಳಿಯುವಂತೆ, ಹೇಳಿದ. ಚೀಟಿ ಹೋಗಿದೆ, ಅರಿವೆ ಇನ್ನೂ ಕಪಾಟಿನಲ್ಲಿದೆ. ದೀಪ ಹಚ್ಚುವ ಹೊತ್ತಿಗೆ ಯಂತ್ರ ಕಸ ಹೊಡೆಯುತ್ತದೆ. ಅಷ್ಟರೊಳಗೆ ಇಡೀ ಯಂತ್ರವನ್ನೇ ನಿಲ್ಲಿಸಿ, ಕಪಾಟನ್ನು ಹೊರತೆಗೆದು ಹುಡುಕಿದರೆ ಸಿಗಬಹುದು. ಬೇರೆ ದಾರಿಯಿಲ್ಲ.

‘ಮತ್ತ ನಿಲ್ಲಸ್ರಿ!’ ಗಣಪತಿ ಕೂಗಿದ.

ಅಸ್ಲಂ ಗಾಜಿನ ಗೋಡೆಯ ಆಚೆ ತೋರಿಸಿದ. ಅಲ್ಲಿ ಮಂಚದ ಮೇಲೆ ಕಣ್ಪಟ್ಟಿ ಕಟ್ಟಿಕೊಂಡು ಒಬ್ಬ ಮನುಷ್ಯ ಮಲಗಿದ್ದ. ಹೆಸರು ಯಲ್ಲಪ್ಪ. ಲಿಂಬೆ ಮಾರುಕಟ್ಟೆಯಲ್ಲಿ ಹರಾಜಿನ ಸವಾಲು ಕೂಗುವವನು. ಅವನ ತಲೆಗೂ ಇದೇ ಆಪರೇಷನ್ ಆಗಿತ್ತು. ಅವನ ಗಂಟನ್ನು ಕೆಲವು ದಿನಗಳಿಂದ ಹೊಯ್ಯುತ್ತಿದ್ದರು, ಅವತ್ತಿನದು ಬೆಳಗಿನಿಂದ ನಡೆದಿತ್ತು. ಒಂದೇ ಪ್ರತಿಯ ಕಾಯಿದೆಯಾದ್ದರಿಂದ, ತಲೆಗೆ ಹೋದಷ್ಟು ಗಂಟಿನಿಂದ ಅಳಿಯುತ್ತ ಹೋಗುತ್ತದೆ. ಯಂತ್ರ ನಡುವೆ ನಿಂತರೆ ತಲೆಗೆ ಹೋದದ್ದೂ ಊರುವುದಿಲ್ಲ, ಗಂಟಿನಲ್ಲಿ ಉಳಿದದ್ದೂ ಒಡೆದುಹೋಗುತ್ತದೆ. ಅವತ್ತಿನ ಹೊಯ್ತ ಮುಗಿಯುವುದಕ್ಕೆ ರಾತ್ರಿಯಾಗುತ್ತಿತ್ತು.

‘ಕಸಾ ಹೊಡಿಯೂದರೆ ಇವತ್ತೊಂದಿನ ತಡೀರಿ,’ ಅಂದೆ.

‘ಅದು ನನ್ನ ಕೈಯಾಗಿಲ್ಲ ಕಾಕಾ. ಆಟದ ಬುಡದಾಗ ಕೂತದ. ಮುಚ್ಚಿದ ಕಂಪನಿಯವರು ಮಾಡಿದ್ದು. ತಿದ್ದಬೇಕಂದ್ರೂ ಮೊದಲ ಯಂತ್ರ ನಿಲ್ಲಸಬೇಕು.’

ಯಲ್ಲಪ್ಪನ ಮಂಚದ ಪಕ್ಕದಲ್ಲಿ ಅವನ ಹೆಂಡತಿ ಕಸ್ತೂರಿ ಕೂತಿದ್ದಳು. ಗದ್ದಲ ಕೇಳಿ ಎದ್ದು ಬಂದಳು. ವಿಷಯ ತಿಳಿಯಲು ಅವಳಿಗೆ ಹೊತ್ತು ಹಿಡಿಯಲಿಲ್ಲ. ಗೋಣಾಬಾಯಿ ಅವಳ ಕಾಲಿಗೆ ಬಿದ್ದಳು. ವಯಸ್ಸಿನಲ್ಲಿ ತಾಯಿಯಂಥವಳು ಮಗಳಂಥವಳ ಕಾಲು ಹಿಡಿದಳು. ‘ಯವ್ವಾ, ನನ್ನ ಮಗಳು ಮೂಕಿ ಆಗ್ತಾಳ. ನಿನಗ ಏನ್ ಬೇಕು ಕೇಳು. ನನ್ನ ನಾಲಗಿ ಕೊಯ್ದು ಕೊಡ್ತೀನಿ.’

ಕಸ್ತೂರಿ ಅವಳನ್ನು ಎತ್ತಲು ನೋಡಿದಳು. ಅಳು ಬರಲಿಲ್ಲ, ಜಗಳವೂ ಬರಲಿಲ್ಲ. ‘ನಿನ್ನಿ ಅವರು ನನ್ನ ಹೆಸರ ಅಂದಾರ್ರಿ,’ ಅಂದಳು. ‘ಅರ್ಧಾ. ಕಸ್ತೂ ಅಂದ್ರು. ಉಳದದ್ದು ನಾಳಿ ಬರ್ತದ ಅಂತ ನಾ ಕುಂತೀನ್ರಿ ಯವ್ವಾ.’

ಗಣಪತಿ ಗೋಡೆಯ ಮೇಲಿನ ಕೆಂಪು ಹಿಡಿಕೆಯ ಕಡೆ ನುಗ್ಗಿದ. ಯಂತ್ರ ನಿಲ್ಲಿಸುವ ಹಿಡಿಕೆ ಅದೇ ಎಂದು ಮೆಕ್ಯಾನಿಕ್ಕಿಗೆ ಯಾರೂ ಹೇಳಬೇಕಿರಲಿಲ್ಲ. ಅಸ್ಲಂ ಅಡ್ಡ ನಿಂತ. ಗಣಪತಿ ಅವನ ಕಾಲರು ಹಿಡಿದ. ‘ಸರೀರಿ ಸರ್, ನಿಮ್ಮ ಕಾಲ ಬೀಳ್ತೀನಿ, ಸರೀರಿ, ಇಲ್ಲಂದ್ರ ಹೊಡಿತೀನಿ,’ ಎಂದು ಎರಡನ್ನೂ ಒಂದೇ ಉಸಿರಿಗೆ ಅಂದ.

‘ನಿಲ್ಲಿಸಲು ಹೇಳುವ ಹಕ್ಕು ಗಂಟಿನ ಒಡತಿಗೆ ಮಾತ್ರ ಇದೆ,’ ಅಂದರು ಡಾಕ್ಟರ್ ಬಾಯಿಯವರು. ‘ಮುಕ್ತಾಬಾಯಿ ಹೇಳಲಿ. ಅವರು ಕೇಳಿದರೆ ನಾನೇ ಎಳೆಯುತ್ತೇನೆ. ಆಮೇಲೆ ಆದದ್ದಾಗಲಿ.’

ಎಲ್ಲರೂ ಮುಕ್ತಾಳ ಕಡೆ ತಿರುಗಿದೆವು. ಇಷ್ಟು ಹೊತ್ತೂ ಅವಳು ಗಾಜಿಗೆ ಹಣೆ ಹಚ್ಚಿ ನಿಂತಿದ್ದಳು. ಒಳಗೆ ಯಲ್ಲಪ್ಪನ ತುಟಿ ಅಲುಗುತ್ತಿತ್ತು. ಆಟದ ಸಂತೆಯಲ್ಲಿ ಎಲ್ಲೋ ನಿಂತು ಏನನ್ನೋ ಕೂಗಲು ಹವಣಿಸುತ್ತಿದ್ದ. ಸಣ್ಣಗೆ, ತೊದಲಾಗಿ, ಗಾಜಿನ ಈಚೆಗೂ ಕೇಳಿಸಿತು. ‘ಲಿಂಬಿ... ಲಿಂ... ಲಿಂಬಿ...’

‘ಮುಕ್ತಾ,’ ಗಣಪತಿ ಅಂಗಲಾಚಿದ. ‘ಹೂಂ ಅನ್ನು. ತಲಿ ಅಲ್ಲಾಡಸು ಸಾಕು.’

ಮುಕ್ತಾ ಹಿಂದಿರುಗಿ ಯಂತ್ರದ ಕಬ್ಬಿಣದ ಕಪಾಟಿನ ಹತ್ತಿರ ಬಂದಳು. ಅವ್ವನನ್ನು ನೋಡಿದಳು, ಕಸ್ತೂರಿಯನ್ನು ನೋಡಿದಳು. ಕೈಯೆತ್ತಿದಳು. ಬಸ್ಸಿನ ಮೈಗೆ ಕಂಡಕ್ಟರ್ ಒಂದು ಸಲ ಬಡಿದರೆ ನಿಲ್ಲಿಸು ಎಂದರ್ಥ, ಎರಡು ಸಲ ಬಡಿದರೆ ಹೋಗಲಿ ಎಂದು. ನಮ್ಮ ಕಡೆಯ ಕೂಸಿಗೂ ಅದು ಗೊತ್ತು.

ಒಂದು ಏಟು ಬಿತ್ತು. ಗಣಪತಿ ಹಿಡಿಕೆಗೆ ಕೈ ಚಾಚಿದ.

ಎರಡನೆಯ ಏಟು ಬಿತ್ತು.

ಕಸ್ತೂರಿ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಹೊರಗೆ ಮಳೆ ನಿಂತು, ತೊಳೆದ ಬಿಸಿಲು ಬಿತ್ತು, ಅದೂ ಮಾಸಿತು. ವಾರ್ಡಿನ ಹುಡುಗಿಯೊಬ್ಬಳು ಬಂದು ದೀಪದ ಗುಂಡಿ ಒತ್ತಿದಳು. ಅಸ್ಲಂ ತೆರೆಯ ಮುಂದೆ ತಲೆ ತಗ್ಗಿಸಿ ಕೂತಿದ್ದ. ಯಂತ್ರದಲ್ಲಿ ಯಾವ ಸದ್ದೂ ಆಗಲಿಲ್ಲ. ಮುಗಿಯಿತು ಎಂದು ನಮಗೆ ತಿಳಿದದ್ದು ಅವನು ಎದ್ದು ಮುಕ್ತಾಳ ಮುಂದೆ ಬಂದು ನಿಂತಾಗ.

ಯಲ್ಲಪ್ಪನಿಗೆ ಮಾತು ಬಂತು. ಮುಕ್ತಾಳ ತಲೆಯ ಹೊಲಿಗೆ ತೋರಿಸಲು ನಾವು ಮತ್ತೆ ಹೋದಾಗ ಅವನು ವಾರ್ಡಿನಲ್ಲಿ ನಿಂತು ಲಿಂಬೆಯ ಸವಾಲು ಕೂಗಿ ನರ್ಸುಗಳನ್ನು ನಗಿಸುತ್ತಿದ್ದ. ನಮ್ಮನ್ನು ಕಂಡು ಬಾಯಿ ಮುಚ್ಚಿದ. ಮುಕ್ತಾ ಹೋಗಿ, ಕೂಗು ಕೂಗು ಎಂದು ಅವನ ಬೆನ್ನು ತಟ್ಟಿದಳು. ಅವನಿಗೆ ಆಗಲಿಲ್ಲ.

ಮನೆಯಲ್ಲಿ ಮಾತು ಕಡಿಮೆಯಾಯಿತು. ಮುಕ್ತಾಳಿಗೆ ಡಿಪೋದಲ್ಲಿ ಸೀಟುಗಳ ರೆಕ್ಸಿನ್ ಹೊಲಿಯುವ ಕೆಲಸ ಕೊಟ್ಟರು. ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದಳು. ಬಂದವಳು ಅವ್ವನ ಹತ್ತಿರ ಕೂರುತ್ತಿದ್ದಳು, ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಗೋಣಾಬಾಯಿಗೆ ಅದು ಸಾಲುತ್ತಿರಲಿಲ್ಲ.

‘ನನ್ನ ಮ್ಯಾಲ ಸಿಟ್ಟು ಅದ ಏನು?’ ಎಂದು ದಿನಾ ಕೇಳುತ್ತಿದ್ದಳು.

ಮುಕ್ತಾ ಇಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದಳು.

‘ಇದು ನನ್ನ ಸಮಾಧಾನಕ್ಕ ಮಾಡ್ತಿ. ಬಾಯಿಲೆ ಅಂದಿದ್ರ ನಂಬತಿದ್ದೆ. ನೀ ಬೈದಿದ್ರೂ ನಂಬತಿದ್ದೆ.’

ಮುಕ್ತಾ ಅವ್ವನ ಅಂಗೈ ತೆಗೆದು ತನ್ನ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. ಗೋಣಾಬಾಯಿ ಬಿಸಿ ತಗುಲಿದವಳಂತೆ ಕೈ ಎಳೆದುಕೊಳ್ಳುತ್ತಿದ್ದಳು. ಒಂದು ಸಂಜೆ ಮುಕ್ತಾ ದಣಿದು ಗೋಡೆಗೆ ಮುಖ ಮಾಡಿ ಮಲಗಿದಳು. ಅದು ಬರೀ ದಣಿವು. ಹಾಗೆಂದು ನಾನು ಹೇಳಿದೆ, ಗಣಪತಿಯೂ ಹೇಳಿದ.

‘ನೀವು ಹೇಳಬ್ಯಾಡ್ರಿ,’ ಅಂದಳು ಗೋಣಾಬಾಯಿ. ‘ಅಕಿ ಮಾತು ನೀವು ಆಡಿದ್ರ ಅಕೀದು ಆಗೂದಿಲ್ಲ. ನಾ ಮಾತಾಡೂದು ಕೇಳಿ ಕೇಳಿ ಅಕಿಗಿ ಬ್ಯಾನಿ ಆಗ್ತದ. ಈ ಮನ್ಯಾಗ ನನ್ನ ಬಾಯಿ ಇರಬಾರದು.’

ಪಂಢರಪುರಕ್ಕೆ ನಡೆದು ಹೋಗುವ ಭಕ್ತರ ದಿಂಡಿ ನಮ್ಮೂರಿನ ಮೇಲೆ ಹಾದುಹೋಗುವುದಿತ್ತು. ಅದರ ಜೊತೆ ನಡೆದು ಹೋಗುತ್ತೇನೆ, ಏಕಾದಶಿ ಮುಗಿದ ಮೇಲೂ ಅಲ್ಲೇ ಒಂದು ಮಠದಲ್ಲಿ ಪಾತ್ರೆ ತಿಕ್ಕಿಕೊಂಡು ಇರುತ್ತೇನೆ ಎಂದಳು. ಎರಡು ಸೀರೆ ಕಟ್ಟಿಕೊಂಡಳು. ಮುಕ್ತಾ ಡಿಪೋದಲ್ಲಿರುವ ಹೊತ್ತು ನೋಡಿಯೇ ಹೊರಟಳು. ನಾನು ಬಾಗಿಲ ತನಕ ಬಂದೆ. ಹೊರಟು ನಿಂತವರನ್ನು ಹಿಂದಿನಿಂದ ಕರೆಯಬಾರದು ಎನ್ನುವುದು ನಮ್ಮಲ್ಲಿ ರೂಢಿ. ನಾನು ಕರೆಯಲಿಲ್ಲ.

ಯಾರು ಹೇಳಿದರೋ, ಮುಕ್ತಾ ಡಿಪೋದಿಂದ ಓಡಿ ಬಂದಳು. ಅಷ್ಟೊತ್ತಿಗೆ ತಾಳ ಮೃದಂಗದ ಸದ್ದಿನ ಜೊತೆ ದಿಂಡಿ ಊರ ಹೊರಗಿನ ದಾರಿಗೆ ಹತ್ತಿತ್ತು. ನಾನು ಅವಳ ಹಿಂದೆ ಹೋದೆ. ದೂರದಲ್ಲಿ ಗೋಣಾಬಾಯಿಯ ಬೆನ್ನು ಕಾಣುತ್ತಿತ್ತು. ತಲೆಯ ಮೇಲೆ ಸೀರೆಯ ಗಂಟು. ನಡಿಗೆ ನಿಧಾನ, ಒಂದು ಕೂಗಿಗೆ ನಿಲ್ಲುವಷ್ಟು ನಿಧಾನ. ಏದುಸಿರಿಗೆ ಮುಂದೆ ಓಡಲಾರದೆ ಮುಕ್ತಾ ದಾರಿಯ ನಡುವೆ ನಿಂತು, ಕೊರಳ ನರ ಉಬ್ಬುವಂತೆ ಬಾಯಿ ತೆರೆದಳು.

ಗೋಣಾಬಾಯಿ ಹಿಂದಿರುಗಿ ನೋಡಲಿಲ್ಲ. ಅವಳು ಹೋದದ್ದು ಜ್ಯೇಷ್ಠ ಬಹುಳ ಸಪ್ತಮಿ, ಗುರುವಾರ.